ಗಂಟಲು ತೆಗೆದ ಹಾಡುಗಳು, ಕೂಲಿ ಸಿಗದ ಕೈಗಳು

ಕಳೆದ ವರ್ಷ ಜುಲೈ ಕೊನೆಯ ವಾರದಲ್ಲಿ ನಮ್ಮೂರಿನ ಸಮುದಾಯ ಭವನದಲ್ಲಿ ಮುಹಮ್ಮದ್ ರಫಿ ಅವರ ನೆನಪಿನ ಸಂಗೀತ ಸಂಜೆ ನಡೆಯಿತು. ರಫಿ ಸಾಹೇಬರು ತೀರಿಕೊಂಡದ್ದು 1980ರ ಜುಲೈ 31ರಂದು. ಆ ದಿನದ ಆಸುಪಾಸಿನಲ್ಲಿ ಕರ್ನಾಟಕದ ಹಲವು ಊರುಗಳಲ್ಲಿ ಇಂಥ ಸಂಜೆಗಳು ಈಗಲೂ ನಡೆಯುತ್ತವೆ. ಹಿಂದೂ, ಮುಸ್ಲಿಂ ಎನ್ನದೆ ಜನ ಬಂದು ಒಂದೇ ಸಾಲಿನಲ್ಲಿ ಕೂರುತ್ತಾರೆ. ಹೀಗೆ ಒಟ್ಟಿಗೆ ಕೂರುವ ಜಾಗಗಳು ದಿನೇ ದಿನೇ ಕಡಿಮೆಯಾಗುತ್ತಿರುವ ಈ ಕಾಲದಲ್ಲಿ ಅದೇನು ಸಣ್ಣ ಸಂಗತಿಯಲ್ಲ. ಹಾಗಾಗಿ ನಾವು ಆ ಸಂಜೆಯನ್ನು ತಪ್ಪಿಸುವುದಿಲ್ಲ.

ವೇದಿಕೆಯ ಮೇಲೆ ರಫಿಯವರ ಭಾವಚಿತ್ರ, ಅದಕ್ಕೆ ದಪ್ಪನೆಯ ಹೂಮಾಲೆ, ಹಿಂದೆ ಬೆಳಗುವ ಎಲ್‌ಇಡಿ ಪರದೆ, ಎರಡು ಬದಿಗೆ ಆಳೆತ್ತರದ ಸ್ಪೀಕರುಗಳು. ಮೊದಲೆಲ್ಲ ಹನ್ನೆರಡು ಜನ ವಾದ್ಯದವರು ಕೂರುತ್ತಿದ್ದ ಜಾಗದಲ್ಲಿ ಒಂದು ಮೇಜು, ಅದರ ಮೇಲೊಂದು ಲ್ಯಾಪ್‌ಟಾಪ್, ಅದರ ಮುಂದೆ ಇಪ್ಪತ್ತರ ಹುಡುಗ. ಬ್ಯಾಂಕಿನ ಗುಮಾಸ್ತರು, ಆಸ್ಪತ್ರೆಯ ನರ್ಸ್ ಒಬ್ಬರು, ಬಸ್ ಕಂಡಕ್ಟರ್, ಗುಜರಿ ವ್ಯಾಪಾರಿ, ಕಾಲೇಜಿನ ಮೇಷ್ಟ್ರು ಸರದಿಯಂತೆ ಬಂದು ಹಾಡಿನ ಹೆಸರು ಹೇಳುತ್ತಿದ್ದರು. ಹುಡುಗ ಗುಂಡಿ ಒತ್ತುತ್ತಿದ್ದ. ಅವರು ಹಾಡುತ್ತಿದ್ದರು. ಚೆನ್ನಾಗಿಯೇ ಹಾಡಿದರು, ಅದರಲ್ಲಿ ಎರಡು ಮಾತಿಲ್ಲ.

ನಮ್ಮ ಪಕ್ಕದಲ್ಲಿ ಕೊನೆಯ ಸಾಲಿನಲ್ಲಿ ಒಬ್ಬ ಚಾಚಾ ಕುಳಿತಿದ್ದರು. ಎಪ್ಪತ್ತು ದಾಟಿದವರು. ಮೂವತ್ತು ವರ್ಷ ನಮ್ಮ ಜಿಲ್ಲೆಯ ಆರ್ಕೆಸ್ಟ್ರಾಗಳಲ್ಲಿ ಮ್ಯಾಂಡೊಲಿನ್ ನುಡಿಸಿದವರು. ಗಣೇಶ ಚೌತಿ, ಊರ ಜಾತ್ರೆ, ಉರುಸು, ಮದುವೆ, ರಾಜ್ಯೋತ್ಸವ ಯಾವುದನ್ನೂ ಬಿಟ್ಟವರಲ್ಲ. ಒಂದು ಹಾಡಿನ ಎರಡನೆಯ ಚರಣಕ್ಕೆ ಮೊದಲು ಅವರು ನಮ್ಮ ಮೊಣಕಾಲು ತಟ್ಟಿದರು. "ಸುನೇ ಕ್ಯಾ ಬೇಟಾ? ಅವರ ಉಸಿರು ಅಲ್ಲೇ ಉಳಿದುಬಿಟ್ಟಿದೆ" ಎಂದರು. ನಮಗೆ ಅರ್ಥವಾಗಲಿಲ್ಲ. ಮುಂದಿನ ಹಾಡಿನಲ್ಲಿ ಕಿವಿಗೊಟ್ಟು ಕೇಳಿದೆವು. ಕಂಡಕ್ಟರ್ ಸಾಲು ಮುಗಿಸಿ ಬಾಯಿ ಮುಚ್ಚಿದ ಮೇಲೂ ಪಕ್ಕದ ಕೋಣೆಯಿಂದ ಬಂದಂತೆ ಒಂದು ದನಿಯ ಎಳೆ ಉಳಿಯುತ್ತಿತ್ತು. ಅದು ರಫಿ ಸಾಹೇಬರದು. ಅಳಿಸಿದ್ದರು, ಪೂರ್ತಿ ಅಳಿಸಲಾಗಿರಲಿಲ್ಲ. "ಆ ಮ್ಯಾಂಡೊಲಿನ್ ಕೇಳು, ನೀರಿನಲ್ಲಿ ಅದ್ದಿ ತೆಗೆದ ಹಾಗಿದೆ" ಎಂದರು ಚಾಚಾ.

ಕಾರ್ಯಕ್ರಮದ ಕೊನೆಗೆ ಚಾಚಾರನ್ನು ವೇದಿಕೆಗೆ ಕರೆದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಜಿಲ್ಲೆಯ ಹೆಮ್ಮೆ ಎಂದರು. ಅವರು ಇಳಿದು ಬಂದು ಶಾಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಹೇಳಿದ್ದು ಒಂದೇ ಮಾತು: "ಶಾಲು ಹೊದಿಸಿದರು. ನುಡಿಸಿ ಅಂತ ಯಾರೂ ಅನ್ನಲಿಲ್ಲ."

ಈ ಲೇಖನಕ್ಕೆ ಆ ಮಾತೇ ಕಾರಣ.

ಮೊದಲು ಈ 'ಟ್ರ್ಯಾಕ್' ಎಂದರೇನು ಎಂಬುದನ್ನು ತಿಳಿಯೋಣ. ಹಾಡಿನಿಂದ ಹಾಡುಗಾರನ ದನಿಯನ್ನು ತೆಗೆದು ವಾದ್ಯಗಳನ್ನಷ್ಟೇ ಉಳಿಸಿದರೆ ಅದು ಟ್ರ್ಯಾಕ್. ಹಾಡುವವನು ಅದರ ಮೇಲೆ ತನ್ನ ದನಿ ಸೇರಿಸುತ್ತಾನೆ. ಹಾಗೆಯೇ ಕೊಳಲನ್ನೋ ಗಿಟಾರನ್ನೋ ತೆಗೆದು ಆ ಜಾಗದಲ್ಲಿ ತಾನು ನುಡಿಸುವವರೂ ಇದ್ದಾರೆ.

ಈ ಆಸೆ ಹೊಸದಲ್ಲ. 1950ರಲ್ಲಿ ನ್ಯೂಯಾರ್ಕಿನಲ್ಲಿ ಇರ್ವ್ ಕ್ರಾಟ್ಕಾ ಎಂಬುವರು 'ಮ್ಯೂಸಿಕ್ ಮೈನಸ್ ಒನ್' ಎಂಬ ಕಂಪೆನಿ ಕಟ್ಟಿದರು. ಒಂದು ವಾದ್ಯವನ್ನು ಬಿಟ್ಟು ಉಳಿದೆಲ್ಲವನ್ನೂ ನುಡಿಸಿದ ಗ್ರಾಮಫೋನ್ ತಟ್ಟೆಗಳನ್ನು ವಿದ್ಯಾರ್ಥಿಗಳಿಗೆ ಮಾರಿದರು. ಮನೆಯಲ್ಲಿ ಕುಳಿತ ಹುಡುಗ ಆ ಖಾಲಿ ಜಾಗವನ್ನು ತಾನು ತುಂಬಬೇಕು. 1971ರಲ್ಲಿ ಜಪಾನಿನ ಕೋಬೆ ನಗರದಲ್ಲಿ ದೈಸುಕೆ ಇನೊಯೆ ಎಂಬ ವಾದಕರು ಹನ್ನೊಂದು ಯಂತ್ರಗಳನ್ನು ಮಾಡಿಸಿ ಮದ್ಯದಂಗಡಿಗಳಿಗೆ ಬಾಡಿಗೆಗೆ ಕೊಟ್ಟರು. ನಾಣ್ಯ ಹಾಕಿದರೆ ವಾದ್ಯ ಮೊಳಗುತ್ತದೆ, ಗಿರಾಕಿ ಹಾಡುತ್ತಾನೆ. ಕರೋಕೆ ಎಂಬ ಜಪಾನಿ ಪದದ ಅರ್ಥವೇ ಖಾಲಿ ಆರ್ಕೆಸ್ಟ್ರಾ. ಇನೊಯೆ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ.

ಈ ಎರಡು ಕತೆಗಳಲ್ಲೂ ಗಮನಿಸಬೇಕಾದದ್ದು ಒಂದಿದೆ. ಅಲ್ಲಿನ ವಾದ್ಯ ಸಂಗೀತವನ್ನು ಆ ಉದ್ದೇಶಕ್ಕಾಗಿಯೇ ಹೊಸದಾಗಿ ನುಡಿಸಲಾಗಿತ್ತು. ತಾನು ಏನು ಮಾಡುತ್ತಿದ್ದೇನೆ, ಯಾಕೆ ಮಾಡುತ್ತಿದ್ದೇನೆ ಎಂಬುದು ನುಡಿಸಿದವನಿಗೆ ಗೊತ್ತಿತ್ತು. ಜಾಗ ಖಾಲಿ ಬಿಟ್ಟವರು ಬೇಕೆಂದೇ ಬಿಟ್ಟಿದ್ದರು. ಯಾರನ್ನೋ ಎಬ್ಬಿಸಿ ಖಾಲಿ ಮಾಡಿದ್ದಲ್ಲ.

ಎಬ್ಬಿಸಿ ಖಾಲಿ ಮಾಡುವ ವಿದ್ಯೆ ಆಮೇಲೆ ಬಂತು. ಸ್ಟೀರಿಯೊ ಧ್ವನಿಮುದ್ರಣದಲ್ಲಿ ಎಡ, ಬಲ ಎಂದು ಎರಡು ಹಾದಿಗಳಿರುತ್ತವೆ. ಹಾಡುಗಾರನ ದನಿಯನ್ನು ಎರಡರಲ್ಲೂ ಸಮನಾಗಿ ಹಾಕುವುದು ರೂಢಿ. ಅದರಿಂದ ದನಿ ನಟ್ಟನಡುವಿನಿಂದ ಬಂದಂತೆ ಕೇಳುತ್ತದೆ. ಒಂದು ಹಾದಿಯ ಅಲೆಯನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿದರೆ ಎರಡರಲ್ಲೂ ಸಮನಾಗಿರುವುದು ಅಳಿದು ಹೋಗುತ್ತದೆ, ಬೇರೆ ಬೇರೆಯಾಗಿರುವುದು ಉಳಿಯುತ್ತದೆ. ಆದರೆ ಈ ಲೆಕ್ಕಾಚಾರ ಕುರುಡು. ನಡುವಿನಲ್ಲಿ ಕುಳಿತಿದ್ದ ಬೇಸ್ ಗಿಟಾರು, ಡ್ರಮ್ಮು ಕೂಡ ದನಿಯ ಜೊತೆಗೆ ಹೋಗುತ್ತಿದ್ದವು. ಎರಡು ಬದಿಗೆ ಚದುರಿದ್ದ ದನಿಯ ಪ್ರತಿಧ್ವನಿ ಮಾತ್ರ ಹೋಗುತ್ತಿರಲಿಲ್ಲ. ಇನ್ನು ಹಳೆಯ ಮೋನೊ ಹಾಡುಗಳಲ್ಲಿ ಎಡ ಬಲ ಎರಡೂ ಒಂದೇ ಆದ್ದರಿಂದ ಕಳೆದರೆ ಉಳಿಯುತ್ತಿದ್ದದ್ದು ಮೌನ. ರಫಿ ಸಾಹೇಬರ ಬಹುಪಾಲು ಹಾಡುಗಳು ಆ ಮೋನೊ ಕಾಲದವು. ಹೀಗಾಗಿ ಆ ಹಾಡುಗಳು ಬಹಳ ಕಾಲ ಬಚಾವಾಗಿದ್ದವು. ಟ್ರ್ಯಾಕ್ ಬೇಕೆಂದವರು ವಾದ್ಯದವರನ್ನೋ ಕೀಬೋರ್ಡಿನವನನ್ನೋ ಕರೆಸಿ ದುಡ್ಡು ಕೊಟ್ಟು ಹೊಸದಾಗಿ ನುಡಿಸಿಕೊಳ್ಳಬೇಕಾಗಿತ್ತು. ಹೇಗೋ ಒಬ್ಬನ ಮನೆಯ ಒಲೆಯಾದರೂ ಉರಿಯುತ್ತಿತ್ತು.

2019ರಲ್ಲಿ ಆ ಬಾಗಿಲೂ ಮುರಿಯಿತು. ಡೀಜರ್ ಎಂಬ ಫ್ರೆಂಚ್ ಕಂಪೆನಿ 'ಸ್ಪ್ಲೀಟರ್' ಎಂಬ ಕಂಪ್ಯೂಟರ್ ಕ್ರಮವಿಧಿಯನ್ನು ಎಲ್ಲರಿಗೂ ಪುಕ್ಕಟೆ ಬಿಟ್ಟಿತು. ಅದೇ ವರ್ಷ ಫೇಸ್‌ಬುಕ್ ಕಂಪೆನಿಯ ಸಂಶೋಧಕರ 'ಡೆಮ್ಯೂಕ್ಸ್' ಬಂತು. ಬಿಡಿಬಿಡಿಯಾಗಿ ಮುದ್ರಿಸಿದ ಹಾಡುಗಳನ್ನು ರಾಶಿಗಟ್ಟಲೆ ತೋರಿಸಿ, ದನಿ ಯಾವುದು, ಡ್ರಮ್ ಯಾವುದು, ಬೇಸ್ ಯಾವುದು ಎಂದು ಯಂತ್ರಕ್ಕೆ ಪಾಠ ಹೇಳಿಕೊಟ್ಟಿರುತ್ತಾರೆ. ಆಮೇಲೆ ಅದು ತಾನೇ ಊಹಿಸಿ ಬೇರ್ಪಡಿಸುತ್ತದೆ. ಮೋನೊ ಆದರೂ ಅಡ್ಡಿಯಿಲ್ಲ. ಕೆಲವೇ ನಿಮಿಷ ಸಾಕು. ಈಗ ಕೈಯಲ್ಲಿರುವ ಮೊಬೈಲೇ ಆ ಕೆಲಸ ಮಾಡುತ್ತದೆ. ಊಹೆ ತಪ್ಪಿದ ಕಡೆ ಮ್ಯಾಂಡೊಲಿನ್ ನೀರಿನಲ್ಲಿ ಅದ್ದಿದಂತೆ ಕೇಳುತ್ತದೆ. ಚಾಚಾ ಕೇಳಿಸಿಕೊಂಡದ್ದು ಅದನ್ನೇ.

ಇಲ್ಲಿಯವರೆಗಿನದು ಯಂತ್ರದ ಸಂಗತಿ. ಯಂತ್ರದ ಮೇಲೆ ನಮಗೆ ಕೋಪವಿಲ್ಲ. ಮ್ಯಾಂಡೊಲಿನ್ ಕಲಿಯುತ್ತಿರುವ ಹುಡುಗಿಯೊಬ್ಬಳು ಮನೆಯಲ್ಲಿ ಕುಳಿತು ಹಳೆಯ ಹಾಡಿನ ಮ್ಯಾಂಡೊಲಿನ್ ತೆಗೆದು ಆ ಜಾಗದಲ್ಲಿ ತಾನು ನುಡಿಸಿ ನೋಡಿದರೆ ಅದು ವಿದ್ಯೆ. ಅವಳನ್ನು ಯಾರೂ ತಡೆಯಬಾರದು. ದಿನವಿಡೀ ರೋಗಿಗಳ ನಡುವೆ ದುಡಿದ ನರ್ಸ್ ಅಡುಗೆಮನೆಯಲ್ಲಿ ಮೊಬೈಲಿನ ಟ್ರ್ಯಾಕ್ ಹಾಕಿಕೊಂಡು ಹಾಡಿದರೆ ಅದು ಅವರ ಹಕ್ಕಿನ ಖುಷಿ. ನಮ್ಮ ತಕರಾರು ಇರುವುದು ವೇದಿಕೆಯ ಬಗ್ಗೆ, ಟಿಕೆಟಿನ ಬಗ್ಗೆ, ಚಂದಾ ಎತ್ತಿದ ರಸೀದಿ ಪುಸ್ತಕದ ಬಗ್ಗೆ. ಶಾಮಿಯಾನಕ್ಕೆ ದುಡ್ಡಿದೆ, ಹೂವಿಗೆ ದುಡ್ಡಿದೆ, ಫ್ಲೆಕ್ಸಿಗೆ ದುಡ್ಡಿದೆ, ಬಂದ ಅತಿಥಿಗಳ ಬಿರಿಯಾನಿಗೆ ದುಡ್ಡಿದೆ. ನುಡಿಸುವವನ ಸರದಿ ಬಂದಾಗ ಮಾತ್ರ ಪೆಟ್ಟಿಗೆ ಖಾಲಿ! ಇದು ಯಾವ ಊರಿನ ನ್ಯಾಯ?

ನಮ್ಮ ಕಡೆಯ ಆರ್ಕೆಸ್ಟ್ರಾ ಎಂದರೆ ಬರೀ ಮನರಂಜನೆಯಾಗಿರಲಿಲ್ಲ. ನಾವು ನಾಲ್ಕನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ ಓದಿದವರು. ಎರಡು ಶಾಲೆಗಳ ಹುಡುಗರು ಒಟ್ಟಿಗೆ ನೆಲದ ಮೇಲೆ ಕುಳಿತದ್ದು ರಸಮಂಜರಿಯ ವೇದಿಕೆಯ ಮುಂದೆ ಮಾತ್ರ. ವೇದಿಕೆಯ ಮೇಲೂ ಹಾಗೆಯೇ. ಪಿಟೀಲಿಗೆ ಚರ್ಚಿನಲ್ಲಿ ಕಲಿತ ಕ್ರೈಸ್ತರು, ಕ್ಲಾರಿಯೊನೆಟ್ಟಿಗೆ ವಾಲಗದ ಮನೆತನದ ಭಜಂತ್ರಿಗಳು, ಢೋಲಕ್ ಮತ್ತು ಟ್ರಂಪೆಟ್ಟಿಗೆ ಬ್ಯಾಂಡ್ ಸೆಟ್ಟಿನ ಸಾಬರು, ಹಾರ್ಮೋನಿಯಮ್ಮಿಗೆ ನಾಟಕ ಕಂಪೆನಿಯ ಮೇಷ್ಟ್ರು. ಒಬ್ಬರ ತಟ್ಟೆಯಿಂದ ಇನ್ನೊಬ್ಬರು ಉಣ್ಣುತ್ತಿದ್ದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅದರಲ್ಲಿ ಢೋಲಕ್ ನುಡಿಸುತ್ತಿದ್ದವರು ಈಗ ಆಟೋ ಓಡಿಸುತ್ತಾರೆ. ಪಿಟೀಲಿನವರು ಕಣ್ಣು ಮಂಜಾಗಿ ಮಗಳ ಮನೆ ಸೇರಿದ್ದಾರೆ. ಲ್ಯಾಪ್‌ಟಾಪ್ ಬಂದದ್ದರಿಂದ ಹೋದದ್ದು ಹನ್ನೆರಡು ಜನರ ಸಂಬಳ ಮಾತ್ರವಲ್ಲ, ಹನ್ನೆರಡು ಮನೆಗಳು ಒಂದೇ ಚಾಪೆಯ ಮೇಲೆ ಕೂರುತ್ತಿದ್ದ ಒಂದು ಕಾರಣವೂ ಹೋಯಿತು.

ಇನ್ನು ಮೂಲ ಹಾಡನ್ನು ನುಡಿಸಿದವರ ವಿಷಯ. ಟ್ರ್ಯಾಕಿನಲ್ಲಿ ಹಾಡುಗಾರನನ್ನು ತೆಗೆದ ಮೇಲೆ ಉಳಿಯುವುದು ಅವರೇ. ಅಂದರೆ ನಾವು ಬಳಸುತ್ತಿರುವುದು ಪೂರ್ತಿಯಾಗಿ ಅವರ ದುಡಿಮೆಯನ್ನು. ಅವರು ಯಾರು? ರಫಿ, ಲತಾ ಹೆಸರು ಗೊತ್ತಿರುವ ಕೋಟಿ ಜನರಲ್ಲಿ ಶಂಕರ್-ಜೈಕಿಶನ್ ಜೋಡಿಗೆ ವಾದ್ಯಸಂಯೋಜನೆ ಮಾಡಿದ ಗೋವೆಯ ಸೆಬಾಸ್ಟಿಯನ್ ಡಿಸೋಜಾ ಹೆಸರು ಎಷ್ಟು ಜನರಿಗೆ ಗೊತ್ತು? ಅಕಾರ್ಡಿಯನ್ ನುಡಿಸಿದ ಕೆರ್ಸಿ ಲಾರ್ಡ್, ಸ್ಯಾಕ್ಸೊಫೋನಿನ ಮನೋಹರಿ ಸಿಂಗ್, ಸಿತಾರಿನ ರಯೀಸ್ ಖಾನ್? ಇವರಾದರೂ ಹೇಗೋ ಹೆಸರು ಉಳಿಸಿಕೊಂಡವರು. ಇವರ ಹಿಂದಿನ ಸಾಲಿನಲ್ಲಿ ಕುಳಿತು ಪಿಟೀಲು ನುಡಿಸಿದ ನೂರಾರು ಜನರಿಗೆ ಆ ಭಾಗ್ಯವೂ ಇಲ್ಲ. ಮುಂಬಯಿಯ ಸ್ಟುಡಿಯೊ ವಾದಕರ ಬಾಯಿಂದಲೇ ಅವರ ಬದುಕನ್ನು ಕೇಳಿ ಬರೆದಿಟ್ಟ ದೊಡ್ಡ ಪುಸ್ತಕವೊಂದು 2008ರಲ್ಲಿ ಬಂತು. ಬರೆದವರು ದೂರದ ನ್ಯೂಜಿಲೆಂಡಿನ ವಿಶ್ವವಿದ್ಯಾಲಯದಲ್ಲಿದ್ದ ಗ್ರೆಗರಿ ಬೂತ್. ನಮ್ಮ ಕನ್ನಡ ಹಾಡುಗಳಿಗೆ ದಶಕಗಳ ಕಾಲ ಮದ್ರಾಸಿನ ಸ್ಟುಡಿಯೊಗಳಲ್ಲಿ ನುಡಿಸಿದವರ ಕತೆಯನ್ನು ಬರೆಯಲು ನಾವು ಯಾವ ದೇಶದವರಿಗಾಗಿ ಕಾಯುತ್ತಿದ್ದೇವೆ? ರಫಿ ಸಾಹೇಬರೂ ಕನ್ನಡದಲ್ಲಿ ಹಾಡಿದ್ದಾರೆ, 1967ರ 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕೆ. ಅದನ್ನು ಪ್ರತಿ ಸಂಜೆಯಲ್ಲೂ ಯಾರಾದರೂ ಹಾಡುತ್ತಾರೆ. ಸಂಗೀತ ನೀಡಿದವರು ಸತ್ಯಂ ಎಂದು ಒಬ್ಬ ನಿರೂಪಕನ ಬಾಯಿಂದಲೂ ನಾವು ಈವರೆಗೆ ಕೇಳಿಲ್ಲ. ಅಂದು ವಾದ್ಯ ಹಿಡಿದು ಕುಳಿತವರ ಹೆಸರಂತೂ ದೂರದ ಮಾತು.

ಕಾನೂನು ಏನು ಹೇಳುತ್ತದೆ? ನಮ್ಮ ಕೃತಿಸ್ವಾಮ್ಯ ಕಾಯಿದೆ 1957ರದು. ಅದರಲ್ಲಿ ಮೊದಲು ಹಾಡುಗಾರನಿಗಾಗಲಿ ವಾದಕನಿಗಾಗಲಿ ಯಾವ ಹಕ್ಕೂ ಇರಲಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪಿಗೆ ತಮ್ಮ ಟಿಪ್ಪಣಿ ಸೇರಿಸಿದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ಹಾಡುವವನನ್ನೇ ಮರೆತ ಕಾನೂನು ಇದು ಎಂದು ಮರುಗಿದ್ದರು. ಪ್ರದರ್ಶಕನ ಹಕ್ಕು ಕಾಯಿದೆಗೆ ಬಂದದ್ದು 1994ರ ತಿದ್ದುಪಡಿಯಲ್ಲಿ. 2012ರ ತಿದ್ದುಪಡಿಯಲ್ಲಿ ಅದು ಬಲವಾಯಿತು. ವಾಣಿಜ್ಯ ಬಳಕೆಯಾದರೆ ರಾಯಧನ ಸಿಗಬೇಕು, ತನ್ನ ಪ್ರದರ್ಶನಕ್ಕೆ ತನ್ನ ಹೆಸರು ಹೇಳಿಸಿಕೊಳ್ಳುವ ಹಕ್ಕು ಇರಬೇಕು, ತನ್ನ ಹೆಸರಿಗೆ ಕುಂದು ಬರುವಂತೆ ಅದನ್ನು ತುಂಡರಿಸಿದರೆ ತಡೆಯುವ ಹಕ್ಕೂ ಇರಬೇಕು ಎಂದಾಯಿತು. 2013ರಲ್ಲಿ ಗಾಯಕರು ತಮ್ಮದೇ ಹಕ್ಕುಗಳ ಸಂಘವನ್ನೂ ಕಟ್ಟಿಕೊಂಡರು.

ಕೇಳಲು ಚೆಂದ. ಆದರೆ ಅದೇ 2012ರ ತಿದ್ದುಪಡಿಯಲ್ಲಿ ಇನ್ನೊಂದು ವಾಕ್ಯ ಇದೆ. ಚಲನಚಿತ್ರದಲ್ಲಿ ಯಾರ ಪಾತ್ರ ಪ್ರಾಸಂಗಿಕವೋ, ಉದ್ಯಮದ ವಾಡಿಕೆಯಂತೆ ಯಾರ ಹೆಸರನ್ನು ಎಲ್ಲೂ ಹಾಕುವುದಿಲ್ಲವೋ ಅಂಥವರನ್ನು ಪ್ರದರ್ಶಕರೆಂದು ಎಣಿಸಬೇಕಾಗಿಲ್ಲವಂತೆ. ತುಂಡರಿಸುವುದನ್ನು ತಡೆಯುವ ಹಕ್ಕೊಂದನ್ನು ಬಿಟ್ಟರೆ ಅವರಿಗೆ ಬೇರೇನೂ ಇಲ್ಲ. ಹಿಂದಿನ ಸಾಲಿನ ಪಿಟೀಲಿನವರನ್ನು ಈ ವಾಕ್ಯದ ಮರೆಗೆ ತಳ್ಳುವುದು ಎಷ್ಟು ಸುಲಭ ನೋಡಿ! ಮೊದಲು ಅವನ ಹೆಸರು ಹಾಕಲಿಲ್ಲ. ಈಗ ಹೆಸರಿಲ್ಲ ಎಂಬುದನ್ನೇ ಕಾರಣ ಮಾಡಿ ಹಕ್ಕಿಲ್ಲ ಎನ್ನಬಹುದು. ಮದುವೆ ಮೆರವಣಿಗೆ, ಮದುವೆಗೆ ಸಂಬಂಧಿಸಿದ ಸಂಭ್ರಮ, ಧಾರ್ಮಿಕ ವಿಧಿಗಳಲ್ಲಿ ಹಾಡು ಬಳಸಲು ಕಾಯಿದೆಯೇ ವಿನಾಯಿತಿ ಕೊಟ್ಟಿದೆ. ಹಾಗಾಗಿ ಮದುವೆಮನೆಯವರ ಮೇಲೆ ನಾವು ಕಾನೂನಿನ ಕೋಲು ಬೀಸುತ್ತಿಲ್ಲ. ನಾವು ಕೇಳುತ್ತಿರುವುದು ಕಾನೂನು ಮುಗಿದ ಮೇಲೂ ಉಳಿಯುವ ಪ್ರಶ್ನೆಯನ್ನು.

ನಮಗೆ ಉತ್ತರವಾಗಿ ಮೂರು ಮಾತುಗಳು ಬರುತ್ತವೆ.

ಒಂದು: "ಟ್ರ್ಯಾಕ್ ಇಲ್ಲದಿದ್ದರೆ ಬಡ ಗಾಯಕರಿಗೆ ಅವಕಾಶ ಎಲ್ಲಿ? ಹನ್ನೆರಡು ಜನರಿಗೆ ಕೊಡುವಷ್ಟು ಹಣ ಯಾರ ಬಳಿ ಇದೆ?" ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಮೊದಲು ಆರ್ಕೆಸ್ಟ್ರಾದ ಮೈಕು ಹಿಡಿಯಬೇಕಾದರೆ ತಂಡದ ಯಜಮಾನನ ಮರ್ಜಿ ಕಾಯಬೇಕಿತ್ತು. ಹೆಣ್ಣುಮಕ್ಕಳಿಗಂತೂ ಅದು ಕಲ್ಲುಮುಳ್ಳಿನ ದಾರಿ. ಇಂದು ಆ ನರ್ಸ್ ಯಾರ ಹಂಗೂ ಇಲ್ಲದೆ ಹಾಡುತ್ತಾರೆ. ಇದನ್ನು ನಾವು ಒಪ್ಪುತ್ತೇವೆ. ಆದರೆ ಹನ್ನೆರಡು ಜನ ಬೇಕೆಂದವರು ಯಾರು? ಇಬ್ಬರು ಸಾಲದೆ? ಒಂದು ತಬಲಾ, ಒಂದು ಹಾರ್ಮೋನಿಯಂ ಇಟ್ಟುಕೊಂಡು ಇಡೀ ರಾತ್ರಿ ಗಜಲ್, ಕವ್ವಾಲಿ, ಭಾವಗೀತೆ ಹಾಡಿದ ನಾಡಲ್ಲವೆ ಇದು? ಹನ್ನೆರಡಕ್ಕೆ ಹಣವಿಲ್ಲ ಎನ್ನುವವರು ಇಬ್ಬರಿಗಾದರೂ ಕೊಟ್ಟು ತೋರಿಸಲಿ. ಕೊಡುವುದಿಲ್ಲ. ಏಕೆಂದರೆ ಕೊರತೆ ಹಣದ್ದಲ್ಲ. ಪುಕ್ಕಟೆ ಸಿಗುವುದಕ್ಕೆ ಯಾಕೆ ಕೊಡಬೇಕು ಎಂಬ ಲೆಕ್ಕ ಅದು.

ಎರಡು: "ರಫಿ ಸಾಹೇಬರೇ ರಾಯಧನ ಬೇಡ ಎಂದಿದ್ದರಲ್ಲ?" ಇದು ಇತಿಹಾಸ ಬಲ್ಲವರ ವಾದ. ನಿಜ, 1960ರ ದಶಕದಲ್ಲಿ ಗಾಯಕರಿಗೂ ರಾಯಧನ ಸಿಗಬೇಕೆಂದು ಲತಾ ಮಂಗೇಶ್ಕರ್ ಹಟ ಹಿಡಿದಾಗ, ಹಾಡಿದ್ದಕ್ಕೆ ನಿರ್ಮಾಪಕರು ಹಣ ಕೊಟ್ಟ ಮೇಲೆ ನಮ್ಮ ಹಕ್ಕು ಮುಗಿಯಿತು ಎಂಬ ನಿಲುವು ರಫಿಯವರದಾಗಿತ್ತು. ಅದೇ ಕಾರಣಕ್ಕೆ ಅವರಿಬ್ಬರು ಕೆಲವು ವರ್ಷ ಜೊತೆಯಾಗಿ ಹಾಡಲಿಲ್ಲ. ರಫಿಯವರ ಆ ಮಾತು ಅವರ ದೊಡ್ಡ ಮನಸ್ಸು. ಆದರೆ ಒಬ್ಬನ ದೊಡ್ಡ ಮನಸ್ಸನ್ನು ಇನ್ನೊಬ್ಬನ ಕೂಲಿ ಕೊಡದಿರಲು ನೆಪ ಮಾಡಿಕೊಳ್ಳಬಹುದೆ? ರಫಿ ಬಿಟ್ಟುಕೊಟ್ಟದ್ದು ತಮ್ಮ ಪಾಲನ್ನು. ಮ್ಯಾಂಡೊಲಿನ್ ನುಡಿಸಿದವನ ಪಾಲನ್ನಲ್ಲ. ಅಷ್ಟಲ್ಲದೆ ಅವರು ಹಣ ಪಡೆದದ್ದು ಇಡೀ ಹಾಡಿಗೆ. ತಮ್ಮನ್ನು ಆ ಹಾಡಿನಿಂದ ಕಿತ್ತುಹಾಕಿ ಉಳಿದದ್ದನ್ನು ಊರೂರು ಮೆರೆಸುತ್ತಾರೆ ಎಂಬುದು ಅಂದು ಯಾರ ಕನಸಿನಲ್ಲಿ ಇತ್ತು?

ಮೂರು: "ಸತ್ತವರಿಗೆ ಏನು ನಷ್ಟ?" ಈ ಮಾತು ಕೇಳಿದಾಗ ನಮಗೆ ಸಿಟ್ಟಿಗಿಂತ ಭಯವೇ ಹೆಚ್ಚು. ದನಿ ತೆಗೆದು ಬಿಸಾಡುವ ಯಂತ್ರ ಅದೇ ದನಿಯನ್ನು ಒಂಟಿಯಾಗಿ ಎತ್ತಿಟ್ಟುಕೊಡುತ್ತದೆ ಎಂಬುದನ್ನು ಮರೆಯಬೇಡಿ. ಹಳೆಯ ಹಾಡುಗಳಲ್ಲಿ ದನಿ ವಾದ್ಯಗಳೊಂದಿಗೆ ಬೆರೆತು ಹೋಗಿತ್ತು. ಈಗ ಅದು ತೊಳೆದಿಟ್ಟ ಹಾಗೆ ಬೇರೆ ಸಿಗುತ್ತದೆ. ಆ ದನಿಯನ್ನು ಇನ್ನೊಂದು ಯಂತ್ರಕ್ಕೆ ಉಣಿಸಿದರೆ ಅವರು ಎಂದೂ ಹಾಡದ ಹಾಡನ್ನು ಅವರ ದನಿಯಲ್ಲೇ ಹಾಡಿಸಬಹುದು. ಎಸ್.ಪಿ. ಬಾಲಸುಬ್ರಹ್ಮಣ್ಯಂ 2020ರ ಸೆಪ್ಟೆಂಬರಿನಲ್ಲಿ ನಮ್ಮನ್ನು ಅಗಲಿದರು. 2024ರಲ್ಲಿ, ತಂದೆಯ ದನಿಯನ್ನು ತಮ್ಮ ಒಪ್ಪಿಗೆಯಿಲ್ಲದೆ ಯಂತ್ರದಿಂದ ಹುಟ್ಟಿಸಿದ್ದಾರೆಂದು ಅವರ ಮಗ ಎಸ್.ಪಿ. ಚರಣ್ ಒಂದು ತೆಲುಗು ಚಿತ್ರದವರಿಗೆ ನೋಟಿಸ್ ಕೊಡಬೇಕಾಯಿತು. ಅದೇ ವರ್ಷ ಜುಲೈನಲ್ಲಿ ಬದುಕಿರುವ ಗಾಯಕ ಅರಿಜಿತ್ ಸಿಂಗ್ ತಮ್ಮ ದನಿಯ ನಕಲಿನ ವಿರುದ್ಧ ಬಾಂಬೆ ಹೈಕೋರ್ಟಿಗೆ ಹೋಗಿ ಮಧ್ಯಂತರ ರಕ್ಷಣೆ ಪಡೆದರು. ಸತ್ತವರಿಗೆ ನಷ್ಟವಿಲ್ಲ ಎಂದು ಶುರುವಾದದ್ದು ಬದುಕಿರುವವರ ಬಾಗಿಲಿಗೇ ಬಂದು ನಿಂತಿತಲ್ಲ?

ಇದನ್ನು ಮರ್ಯಾದೆಯಿಂದ ಮಾಡಲು ಆಗುವುದಿಲ್ಲವೆ? ಆಗುತ್ತದೆ. 2024ರಲ್ಲೇ ಎ.ಆರ್. ರಹಮಾನ್ 'ಲಾಲ್ ಸಲಾಂ' ತಮಿಳು ಚಿತ್ರದ ಹಾಡೊಂದಕ್ಕೆ 1997ರಲ್ಲಿ ತೀರಿಕೊಂಡ ಶಾಹುಲ್ ಹಮೀದ್ ಮತ್ತು 2022ರಲ್ಲಿ ತೀರಿಕೊಂಡ ಬಂಬಾ ಬಾಕ್ಯ ಅವರ ದನಿಗಳನ್ನು ಹೀಗೆಯೇ ಮರಳಿ ತಂದರು. ಮೊದಲು ಎರಡೂ ಕುಟುಂಬಗಳ ಒಪ್ಪಿಗೆ ಪಡೆದರು, ಸಂಭಾವನೆ ಕೊಟ್ಟರು, ಅದನ್ನು ಬಹಿರಂಗವಾಗಿ ಹೇಳಿದರು. 2023ರ ನವೆಂಬರಿನಲ್ಲಿ ಬೀಟಲ್ಸ್ ತಂಡದ ಕೊನೆಯ ಹಾಡೆಂದು ಬಿಡುಗಡೆಯಾದದ್ದು ಜಾನ್ ಲೆನನ್ ಮನೆಯ ಪಿಯಾನೊ ಮುಂದೆ ಕುಳಿತು ಕ್ಯಾಸೆಟ್ಟಿಗೆ ಹಾಡಿಟ್ಟದ್ದು. ಪಿಯಾನೊದಡಿ ಹೂತಿದ್ದ ಅವರ ದನಿಯನ್ನು ಇದೇ ವಿದ್ಯೆಯಿಂದ ಎತ್ತಿ ತೆಗೆದರು. ಗೆಳೆಯರೇ ಜೊತೆ ಕುಳಿತು ನುಡಿಸಿದರು. ಯಂತ್ರದ ಕೆಲಸ ನಮ್ಮೂರಿನ ಭವನದಲ್ಲಿ ಆದದ್ದೇ. ಕೇಳಿ ಮಾಡಿದ್ದು, ಕೊಟ್ಟು ಮಾಡಿದ್ದು, ಹೇಳಿ ಮಾಡಿದ್ದು ಎಂಬುದಷ್ಟೇ ವ್ಯತ್ಯಾಸ.

ಇನ್ನು ನಮ್ಮ ಸಮುದಾಯದೊಳಗಿನ ಒಂದು ಮಾತು. ಟ್ರ್ಯಾಕಿನವರು ದನಿ ತೆಗೆಯುತ್ತಾರೆ. ನಮ್ಮಲ್ಲಿ ಕೆಲವರು ಇದೇ ಯಂತ್ರದಿಂದ ವಾದ್ಯಗಳನ್ನು ತೆಗೆದು ದನಿಯನ್ನಷ್ಟೇ ಇಟ್ಟುಕೊಳ್ಳುತ್ತಿದ್ದಾರೆ. ವಾದ್ಯ ಸಲ್ಲದು, ದನಿ ಸಲ್ಲುತ್ತದೆ ಎಂಬ ಕಾರಣಕ್ಕೆ ಹಾಡನ್ನು, ಕವ್ವಾಲಿಯನ್ನು ಹೀಗೆ 'ಶುದ್ಧ' ಮಾಡಿ ಹಂಚುತ್ತಾರೆ. ಸಂಗೀತದ ಬಗೆಗಿನ ಆ ವಾದ ಶತಮಾನಗಳದು. ಅದನ್ನು ಇಲ್ಲಿ ಬಗೆಹರಿಸಲು ನಾವು ಆಲಿಮರಲ್ಲ. ಬೇಡ ಎನ್ನುವವರು ಕೇಳದಿರಲಿ, ಅವರ ನಂಬಿಕೆಯನ್ನು ಗೌರವಿಸುತ್ತೇವೆ. ಆದರೆ ಇನ್ನೊಬ್ಬನ ದುಡಿಮೆಯನ್ನು ಕೇಳದೆ ತೆಗೆದುಕೊಂಡು, ಅದರಿಂದ ಢೋಲಕ್ಕಿನವನನ್ನು ಕಿತ್ತೆಸೆದು, ಉಳಿದದ್ದನ್ನು ಪುಣ್ಯದ ಕೆಲಸವೆಂದು ಹಂಚುವುದು ಯಾವ ಶುದ್ಧಿ? ಹುಕೂಕುಲ್ ಇಬಾದ್, ಅಂದರೆ ಮನುಷ್ಯನಿಗೆ ಮನುಷ್ಯ ಸಲ್ಲಿಸಬೇಕಾದ ಹಕ್ಕು, ಅದನ್ನು ಮುರಿದರೆ ಆ ಮನುಷ್ಯನೇ ಕ್ಷಮಿಸಬೇಕು ಎಂದು ಮದ್ರಸಾದ ಚಾಪೆಯ ಮೇಲೆ ಕಲಿತವರಲ್ಲವೆ ನಾವು? ದುಡಿದವನ ಬೆವರು ಆರುವ ಮುನ್ನ ಕೂಲಿ ಸಲ್ಲಬೇಕೆಂಬುದು ನಮ್ಮ ಮಕ್ಕಳಿಗೂ ಗೊತ್ತು. ಢೋಲಕ್ಕಿನವನ ಬೆವರಿಗೆ ಆ ಮಾತು ಅನ್ವಯಿಸುವುದಿಲ್ಲವೆ?

ಇಷ್ಟು ಬರೆದ ಮೇಲೆ ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ನಾಲ್ಕು ವರ್ಷಗಳ ಹಿಂದೆ ನಮ್ಮ ಅಕ್ಕನ ಮಗಳ ಮದುವೆಯಲ್ಲಿ ಸಂಗೀತದ ಜವಾಬ್ದಾರಿ ನಮ್ಮದೇ ಆಗಿತ್ತು. ಬ್ಯಾಂಡಿನವರು ಬಂದು ದರ ಹೇಳಿದರು. ಹೆಚ್ಚಾಯಿತೆಂದು ಕಳುಹಿಸಿಬಿಟ್ಟೆವು. ಟ್ರ್ಯಾಕ್ ಹಾಕಿ ಹಾಡುವ ಇಬ್ಬರನ್ನು ಕರೆಸಿದೆವು. ಉಳಿದ ಹಣದಲ್ಲಿ ಇನ್ನೊಂದು ಬಗೆಯ ಸಿಹಿ ಮಾಡಿಸಿದೆವು. ಅದರಲ್ಲಿ ಅರ್ಧ ತಟ್ಟೆಗಳಲ್ಲೇ ಉಳಿಯಿತು. ಅಂದು ನಮಗೆ ಏನೂ ಅನ್ನಿಸಿರಲಿಲ್ಲ. ಆದ್ದರಿಂದ ಈ ಲೇಖನವನ್ನು ಬೇರೆಯವರ ಮೇಲೆ ಬೆರಳು ತೋರಿಸಲು ಬರೆದದ್ದೆಂದು ಯಾರೂ ತಿಳಿಯಬಾರದು.

ನಾವು ಕೇಳುವುದು ಬಹಳವೇನಲ್ಲ. ಟ್ರ್ಯಾಕಿನ ಮೇಲೆ ನಡೆಯುವ ಕಾರ್ಯಕ್ರಮವಾದರೆ ಆಮಂತ್ರಣ ಪತ್ರಿಕೆಯಲ್ಲಿ ಹಾಗೆಂದು ಅಚ್ಚು ಹಾಕಿಸಿ, 'ಆರ್ಕೆಸ್ಟ್ರಾ' ಎಂದು ಸುಳ್ಳು ಹೇಳಬೇಡಿ. ಪ್ರತಿ ಹಾಡಿಗೂ ಮುನ್ನ ಗಾಯಕನ ಹೆಸರಿನ ಜೊತೆ ಬರೆದವರು, ಸಂಗೀತ ಕೊಟ್ಟವರು, ಗೊತ್ತಿದ್ದರೆ ನುಡಿಸಿದವರ ಹೆಸರನ್ನೂ ಹೇಳಿ. ಅರ್ಧ ನಿಮಿಷದ ಕೆಲಸ. ಟಿಕೆಟು ಇಟ್ಟ, ಚಂದಾ ಎತ್ತಿದ ಕಾರ್ಯಕ್ರಮದಲ್ಲಿ ಊರಿನ ಇಬ್ಬರು ವಾದಕರಾದರೂ ಸಂಭಾವನೆ ಪಡೆದು ವೇದಿಕೆಯ ಮೇಲಿರಲಿ. ಟ್ರ್ಯಾಕ್ ಬೇಕೇ ಬೇಕೆಂದರೆ ವಾದಕರಿಗೆ ಹಣ ಕೊಟ್ಟು ಹೊಸದಾಗಿ ನುಡಿಸಿ ಮಾಡಿದ, ಪರವಾನಗಿ ಇರುವ ಟ್ರ್ಯಾಕ್ ಕೊಳ್ಳಿ. ಸರ್ಕಾರದ ಹಣದಲ್ಲಿ ನಡೆಯುವ ಉತ್ಸವಗಳಿಗೆ, ಜಯಂತಿಗಳಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಇದನ್ನು ಒಂದು ಷರತ್ತಾಗಿಯೇ ಹಾಕಲಿ. ವಯಸ್ಸಾದ ಕಲಾವಿದರಿಗೆ ಮಾಸಾಶನ ಕೊಡುವ ಸರ್ಕಾರ, ಕೈಯಲ್ಲಿ ಬಲವಿರುವ ಕಲಾವಿದರಿಗೆ ಕೆಲಸವನ್ನೂ ಕೊಡಬೇಕಲ್ಲವೆ? ಕೆಲಸ ಸಿಕ್ಕಿದರೆ ಮಾಸಾಶನದ ಅರ್ಜಿ ಹಿಡಿದು ಕಚೇರಿಗೆ ಅಲೆಯುವವರ ಸಂಖ್ಯೆಯೂ ಇಳಿಯುತ್ತದೆ.

ಮೊನ್ನೆ ಆ ಸಂಗೀತ ಸಂಜೆಯ ಸಮಿತಿಯವರ ಬಳಿ ಹೋಗಿದ್ದೆವು. ಮುಂದಿನ ಜುಲೈನಲ್ಲಿ ಮೂರು ಹಾಡುಗಳಾದರೂ ಟ್ರ್ಯಾಕ್ ಇಲ್ಲದೆ, ಒಂದು ತಬಲಾ, ಒಂದು ಹಾರ್ಮೋನಿಯಂ, ಚಾಚಾರ ಮ್ಯಾಂಡೊಲಿನ್ ಜೊತೆ ಆಗಲಿ, ಅವರಿಗೆ ಶಾಲಿನ ಬದಲು ಲಕೋಟೆ ಕೊಡಿ ಎಂದು ಕೇಳಿದೆವು. "ನೋಡೋಣ ಸಾರ್" ಎಂದರು. ಅದು ಒಪ್ಪಿಗೆಯಲ್ಲ ಎಂಬುದು ನಮಗೆ ಗೊತ್ತು. ಅಲ್ಲಿಂದ ಚಾಚಾರ ಮನೆಗೆ ಹೋದೆವು. ಅವರು ಕಪಾಟಿನ ಮೇಲಿಂದ ಮ್ಯಾಂಡೊಲಿನ್ ಇಳಿಸಿ ತೋರಿಸಿದರು. ತಂತಿಗಳು ತುಕ್ಕು ಹಿಡಿದಿದ್ದವು, ಎರಡು ತುಂಡಾಗಿದ್ದವು. "ಕೈ ನಡುಗುತ್ತದೆ ಬೇಟಾ, ಮೊದಲಿನ ಹಾಗೆ ಆಗುವುದಿಲ್ಲ" ಎಂದರು. ಎದ್ದು ಹೊರಡುವಾಗ ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದರು: "ಹುಬ್ಬಳ್ಳಿಗೆ ಹೋದರೆ ಒಂದು ಸೆಟ್ ತಂತಿ ತರುತ್ತೀಯಾ?"

ತಂತಿ ತಂದು ಕೊಟ್ಟಿದ್ದೇವೆ. ಸಮಿತಿಯವರು ಈ ಪತ್ರಿಕೆಯ ಓದುಗರೂ ಹೌದು. ಅವರ ಉತ್ತರಕ್ಕೆ ಕಾಯುತ್ತಿದ್ದೇವೆ.